‘ಸತ್ತಿದೆ’ ಅಂದವರು ಯಾರು?

ಪ್ಲಗ್ ಕಿತ್ತು ಇಪ್ಪತ್ತು ನಿಮಿಷ ಆಗಿತ್ತು. ಮೀಟರಿನ ಮುಳ್ಳು ಇನ್ನೂ ಐನೂರು ವೋಲ್ಟಿನ ಆಚೆಗೇ ನಿಂತಿತ್ತು.

ಗಡಿಯಾರ ನೋಡ್ದೆ. ಒಂದೂಮುಕ್ಕಾಲು. ಮತ್ತೆ ಮುಳ್ಳು ನೋಡ್ದೆ. ಹಾಳಾದ್ದು, ಇಳಿಯೋ ಯೋಚನೆಯೇ ಇಲ್ಲ ಅದಕ್ಕೆ.

ಹತ್ತೊಂಬತ್ತು ದಿನದ ಹಿಂದೆ ನನ್ನ ಅಣ್ಣ ಸತ್ತದ್ದು ಇದೇ ಗಿಟಾರ್ ಆಂಪ್ಲಿಫೈಯರಿನೊಳಗೆ ಕೈ ಇಟ್ಟು. ಅವತ್ತೂ ಪ್ಲಗ್ ಕಿತ್ತೇ ಇತ್ತು. ಆದ್ರೂ ಹೊಡೀತು. ಪೊಲೀಸರು ಪೆಟ್ಟಿಗೆಗೆ ಸೀಲ್ ಹಾಕಿ ಹೊತ್ತುಕೊಂಡು ಹೋಗಿದ್ರು. ಇವತ್ತು ಹನ್ನೆರಡಕ್ಕೆ ವಾಪಸ್ ತಂದು ನಮ್ಮ ಬೆಂಚಿನ ಮೇಲೆ ಇಟ್ರು. ಜೊತೆಗೆ ಅಣ್ಣನ ನೋಟ್‌ಬುಕ್ಕು.

“ನಾಲ್ಕು ಗಂಟೆಗೆ ಬರ್ತೀನಿ ಅಮ್ಮಾ,” ಅಂದಿದ್ರು ಇನ್ಸ್‌ಪೆಕ್ಟರ್, ಮೂಗು ಒರೆಸಿಕೊಳ್ತಾ. ಆ ಮನುಷ್ಯನಿಗೆ ವರ್ಷಪೂರ್ತಿ ನೆಗಡಿ. “ನಿಮ್ಮ ಅತ್ತಿಗೆ ಆವತ್ತೇ ಸಹಿ ಹಾಕಿದ್ದಾರೆ. ಸ್ವಂತ ಅಜಾಗರೂಕತೆ, ಆಕಸ್ಮಿಕ ಸಾವು. ತಕರಾರು ಕೊಟ್ಟೋರು ನೀವೊಬ್ಬರೇ. ನಿಮ್ಮದೊಂದು ಸಹಿ ಬಿದ್ರೆ ಫೈಲು ಮುಚ್ಚಿದ ಹಾಗೆ.”

“ನಾಲ್ಕು ಗಂಟೆಗೆ ಕೊಂದವರನ್ನ ನಿಮ್ಮ ಮುಂದೆ ನಿಲ್ಲಿಸ್ತೀನಿ,” ಅಂದೆ.

“ನಿಲ್ಲಿಸಿ. ಆಗ್ಲಿಲ್ಲ ಅಂದ್ರೆ ಸಹಿ ಹಾಕಿಬಿಡಿ. ನನಗೂ ಸಾಕಾಗಿದೆ, ನಿಮಗೂ ಸಾಕಾಗಿದೆ.”

ನನಗೆ ಸಾಕಾಗಿರಲಿಲ್ಲ. ನಿಜ ಹೇಳ್ತೀನಿ, ನನಗಿನ್ನೂ ಶುರುವೇ ಆಗಿರಲಿಲ್ಲ. ಅಜಾಗರೂಕತೆಯಂತೆ! ಮೂವತ್ತು ವರ್ಷ ಐನೂರು ವೋಲ್ಟಿನ ಜೊತೆ ಸಂಸಾರ ಮಾಡಿದವನಿಗೆ ಅಜಾಗರೂಕತೆ ಅಂತ ಸರ್ಟಿಫಿಕೇಟು.

ಈ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ಗಾಜಿನ ವಾಲ್ವ್ ಹಾಕಿದ ಆಂಪ್ಲಿಫೈಯರಿಗೆ ಐನೂರರ ಹತ್ತಿರ ವೋಲ್ಟು ಬೇಕು. ಅದನ್ನ ದೊಡ್ಡ ಕಂಡೆನ್ಸರ್‌ಗಳು ಹಿಡಿದಿಟ್ಟುಕೊಳ್ತವೆ, ತೊಟ್ಟಿಯಲ್ಲಿ ನೀರು ನಿಂತ ಹಾಗೆ. ಪ್ಲಗ್ ಕಿತ್ತರೆ ನಲ್ಲಿ ನಿಲ್ಲುತ್ತೆ ಅಷ್ಟೇ, ತೊಟ್ಟಿ ತುಂಬಿಯೇ ಇರುತ್ತೆ. ವಾಲ್ವ್‌ಗಳು ಬಿಸಿಯಾಗಿದ್ರೆ ಅವೇ ಕುಡಿದು ಖಾಲಿ ಮಾಡ್ತವೆ. ಕಿತ್ತಿಟ್ಟಿದ್ರೆ ಕುಡಿಯೋರು ಯಾರೂ ಇಲ್ಲ. ಅದಕ್ಕೆ ಅಂತಲೇ ಅಣ್ಣ ಪ್ರತಿ ಕಂಡೆನ್ಸರಿಗೂ ಅಡ್ಡಲಾಗಿ ಒಂದು ರೆಸಿಸ್ಟರ್ ಕೂರಿಸ್ತಿದ್ದ. ನಾವು ಅದನ್ನ ‘ಸೋರುಕಿಂಡಿ’ ಅಂತೀವಿ. ಸುಮ್ಮನೆ ಐದು ನಿಮಿಷ ಕಾದರೆ ತೊಟ್ಟಿ ತಾನಾಗೇ ಸೋರಿ ಖಾಲಿ ಆಗುತ್ತೆ.

ಇಲ್ಲಿ ಇಪ್ಪತ್ತು ನಿಮಿಷ ಆದ್ರೂ ತುಂಬಿತ್ತು.

ಟಾರ್ಚ್ ಹಿಡಿದು ಕಂಡೆನ್ಸರಿನ ಕಾಲುಗಳ ಸಂದಿಯಲ್ಲಿ ಇಣುಕಿದೆ. ಸೋರುಕಿಂಡಿಯ ಮೈಮೇಲೆ ಬಣ್ಣದ ಪಟ್ಟಿಗಳಿರ್ತವೆ. ಕೆಂಪು, ಕೆಂಪು, ಹಳದಿ ಇರಬೇಕಾಗಿತ್ತು. ಇದ್ದದ್ದು ಕೆಂಪು, ಕೆಂಪು, ನೀಲಿ.

ಹಳದಿ ಅಂದ್ರೆ ಎರಡು ಲಕ್ಷ ಇಪ್ಪತ್ತು ಸಾವಿರ ಓಮ್. ನೀಲಿ ಅಂದ್ರೆ ಎರಡು ಕೋಟಿ ಇಪ್ಪತ್ತು ಲಕ್ಷ. ಒಂದಲ್ಲ, ಎರಡೂ ಕಂಡೆನ್ಸರಿಗೆ ನೀಲಿ. ಒಂದು ತಪ್ಪಬಹುದು, ಮನುಷ್ಯನ ಕಣ್ಣು. ಎರಡೂ ತಪ್ಪೋಕೆ ಅದೇನು ಮದುವೆ ಜೋಡಿಯೇ? ಯಾರೋ ಬೇಕು ಅಂತಲೇ ಕಿಂಡಿ ಮುಚ್ಚಿ ಸೂಜಿ ತೂತು ಬಿಟ್ಟಿದ್ರು.

ತುದಿಗೆ ತಂತಿ ಕಟ್ಟಿದ ಕೋಲನ್ನ ಕಂಡೆನ್ಸರಿಗೆ ಮುಟ್ಟಿಸಿ ಚಾರ್ಜ್ ಇಳಿಸ್ದೆ. ಮುಳ್ಳು ಸೊನ್ನೆಗೆ ಬಂದ ಮೇಲೆ ಸ್ಟೂಲಿನ ಮೇಲೆ ಕೂತೆ.

ಆಮೇಲೆ ನೋಟ್‌ಬುಕ್ ತೆಗೆದೆ.

ಕೊನೆಯ ಪುಟ. ಅಣ್ಣನ ದುಂಡು ಅಕ್ಷರ. “ಬೇಕಾದ್ದು 480. ಬರ್ತಿರೋದು 560. ವಾಲ್ವ್ ಕಿತ್ತಿದೆ.” ಅದರ ಕೆಳಗೆ, “3.40. ಸತ್ತಿದೆ.”

ಇನ್ಸ್‌ಪೆಕ್ಟರ್ ಹತ್ತೊಂಬತ್ತು ದಿನ ಈ ಪುಟ ಇಟ್ಟುಕೊಂಡು ಕೂತಿದ್ರು. “ನೋಡಿ, ಅವರೇ ಬರೆದಿದ್ದಾರೆ ಸತ್ತಿದೆ ಅಂತ. ಸರಿಯಾಗಿ ಅಳೀದೆ ಕೈ ಹಾಕಿದ್ದಾರೆ, ಪಾಪ,” ಅಂತ ಫೋನಿನಲ್ಲಿ ಹೇಳಿದ್ರು. ಬರೆದದ್ದನ್ನ ಅವರು ಓದಿದ್ರು. ಯಾರು ಬರೆದದ್ದು ಅನ್ನೋದರ ಅರ್ಥ ಅವರಿಗೆ ಆಗಿರಲಿಲ್ಲ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ನಿಯಮ. ಅಪ್ಪನ ಕಾಲದಿಂದ ಬಂದದ್ದು. ಅಳೆಯೋರು ಒಬ್ಬರು, ಬರೆಯೋರು ಇನ್ನೊಬ್ಬರು, ಕೈ ಹಾಕೋರು ಬರೆದವರು. ಅಳೆದವರು ಮುಳ್ಳು ಸೊನ್ನೆಗೆ ಬಂದದ್ದನ್ನ ನೋಡಿ ಗಟ್ಟಿಯಾಗಿ ‘ಸತ್ತಿದೆ’ ಅನ್ಬೇಕು. ‘ಸೊನ್ನೆ’ ಅನ್ನೋಹಾಗಿಲ್ಲ, ‘ಆಯ್ತು’ ಅನ್ನೋಹಾಗಿಲ್ಲ, ತಲೆ ಆಡಿಸೋಹಾಗಿಲ್ಲ. ಆ ಮಾತು ಕಿವಿಗೆ ಬಿದ್ದು, ಪುಸ್ತಕದಲ್ಲಿ ಬರೆದು, ಆಮೇಲೇ ಕೈ ಒಳಗೆ. ಒಬ್ಬನೇ ಇದ್ದಾಗ ಅಣ್ಣ ಪೆಟ್ಟಿಗೆಯ ಸ್ಕ್ರೂ ಕೂಡ ಬಿಚ್ಚಿದವನಲ್ಲ.

‘ಸತ್ತಿದೆ’ ಅಂತ ಬರೆದದ್ದು ಅಣ್ಣನ ಕೈ. ಅಂದ ಮೇಲೆ ಆ ಮಾತು ಹೇಳಿದ್ದು ಬೇರೆ ಬಾಯಿ. ಅವತ್ತು ಮೂರು ನಲವತ್ತಕ್ಕೆ ಈ ಕೋಣೆಯಲ್ಲಿ ಇನ್ನೊಬ್ಬರಿದ್ರು. ಮೀಟರ್ ಹಿಡಿದು, ಮುಳ್ಳು ಐನೂರರ ಮೇಲೆ ನಿಂತದ್ದನ್ನ ಕಣ್ಣಾರೆ ನೋಡಿ, ನನ್ನ ಅಣ್ಣನಿಗೆ ‘ಸತ್ತಿದೆ’ ಅಂದ್ರು. ಅವನು ನಂಬಿ ಬರೆದುಕೊಂಡ. ನಂಬಿ ಕೈ ಹಾಕಿದ.

ಪುಸ್ತಕ ಮುಚ್ಚಿ ಹಲ್ಲು ಕಚ್ಚಿಕೊಂಡು ಕೂತೆ. ಅಳು ಬರ್ಲಿಲ್ಲ. ಆ ಬಾಯಿ ಯಾರದ್ದು ಅಂತ ಗೊತ್ತಾಗ್ಬೇಕು, ಆ ಬಾಯಿಗೆ ಮಣ್ಣು ಬೀಳ್ಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಪೆಟ್ಟಿಗೆಯ ಒಡೆಯ ಒಬ್ಬ ಗಿಟಾರ್ ನುಡಿಸೋನು. ಬಲಗೈ ಉಗುರು ಬೆಳೆಸಿಕೊಂಡು ಅದನ್ನ ಮಗು ಥರ ಸಾಕ್ತಾನೆ, ಅದಕ್ಕೆ ನಮ್ಮ ಬಾಯಲ್ಲಿ ಅವನು ಉಗುರ. ಅವನ ಮೇಲೆ ಪೊಲೀಸರಿಗೆ ಒಂದು ದಿನ ಅನುಮಾನ ಇತ್ತು. ನನಗಿರಲಿಲ್ಲ. ಹೊರಗಿನವರ ಬಾಯಲ್ಲಿ ‘ಆಫ್ ಆಗಿದೆ’ ಬರುತ್ತೆ, ‘ಸತ್ತಿದೆ’ ಬರೋದಿಲ್ಲ. ಆ ಮಾತು ಆಡೋರು ಈ ಭೂಮಿ ಮೇಲೆ ನಾಲ್ಕೇ ಜನ. ಅಣ್ಣ, ನಾನು, ಅತ್ತಿಗೆ, ಗೋಂದು.

ಅಣ್ಣ ಸತ್ತ. ನಾನು ಅವತ್ತು ತಂತಿ ಅಂಗಡಿಯಲ್ಲಿದ್ದೆ. ಅತ್ತಿಗೆ ತಲೆನೋವು ಅಂತ ಮಹಡಿ ಮೇಲೆ ಮಲಗಿದ್ರು, ನಾಲ್ಕೂವರೆಗೆ ಇಳಿದು ಬಂದು ಅವರೇ ನೋಡಿದ್ದು. ಉಳಿದದ್ದು ಗೋಂದು.

ಗೋಂದು ಅಣ್ಣನ ಪಾಲುದಾರ. ಕೂತಲ್ಲಿಂದ ಏಳದ ಆಸಾಮಿ, ಅದಕ್ಕೆ ಆ ಹೆಸರು. ನನ್ನನ್ನ ಎತ್ತಿ ಆಡಿಸಿದವನು. ಅವತ್ತು ಮಧ್ಯಾಹ್ನ ಸ್ಪೀಕರ್ ತಲುಪಿಸೋಕೆ ಹೋಗಿದ್ದೆ ಅಂದ. ತಲುಪಿಸಿದ ಮನೆ ಬೀಗ ಹಾಕಿತ್ತಂತೆ, ವರಾಂಡದಲ್ಲಿ ಇಟ್ಟು ಬಂದನಂತೆ. ಇದನ್ನ ನೋಡಿದವರು ನರಪಿಳ್ಳೆ ಇಲ್ಲ.

ಅದರ ಹಿಂದಿನ ದಿನ ಇಬ್ಬರಿಗೂ ಜಗಳ. ಬೀದಿಯೆಲ್ಲ ಕೇಳಿಸೋ ಹಾಗೆ.

ಉಗುರನ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ಹಳೇ ಕಾಲದ್ದು. ಕಂಬದಿಂದ ಬರೋ ಕರೆಂಟು ಆಗ ಕಮ್ಮಿ ಇತ್ತು, ಈಗ ಜಾಸ್ತಿ. ಒಳಗೆ ನೂರಕ್ಕೆ ಹದಿನೇಳು ಏರಿದ್ರೆ ಹೊರಗೂ ಏರುತ್ತಲ್ಲ? 480 ಬರಬೇಕಾದಲ್ಲಿ 560. ಗೋಂದು, “ಇದ್ರೆ ಇರ್ಲಿ ಬಿಡೋ ಮಾರಾಯ. ಜೋರಾಗಿ ಕೂಗುತ್ತೆ, ಗಿರಾಕಿಗೆ ಅದೇ ಬೇಕು,” ಅಂದ. ಅಣ್ಣ, “ನಾಲ್ಕು ತಿಂಗಳಿಗೆ ವಾಲ್ವ್ ಕೆಂಪಗೆ ಕಾದು ಸುಟ್ಟುಹೋಗುತ್ತೆ, ಆಗ ನೀನು ಕೂಗ್ತೀಯಾ?” ಅಂದ. ಮಾತಿಗೆ ಮಾತು ಬೆಳೀತು. ಕೊನೆಗೆ ಗೋಂದು ಬಾಗಿಲು ದೂಡಿಕೊಂಡು ಹೋಗ್ತಾ, “ನಿನ್ನ ಹಟ ಒಂದಿನ ನಿನ್ನನ್ನೇ ತಿನ್ನುತ್ತೆ ನೋಡ್ತಿರು,” ಅಂದ.

ಮಾರನೇ ದಿನವೇ ತಿಂತು.

ವೋಲ್ಟೇಜ್ ಇಳಿಸೋದರಲ್ಲಿ ನನಗೂ ಅಣ್ಣನಿಗೂ ಬೇರೆ ಜಗಳ ಇತ್ತು, ಆದರೆ ಅದು ನಗೋ ಜಗಳ. ನಾನು ಟ್ರಾನ್ಸ್‌ಫಾರ್ಮರ್ ಸುತ್ತೋಳು. ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಸುತ್ತಿ, ಕಂಬದ ಕರೆಂಟಿಗೆ ಎದುರಾಗಿ ನಿಲ್ಲಿಸಿ, ಒಳಗೆ ಹೋಗೋ ಮೊದಲೇ ತಗ್ಗಿಸೋದು ನನ್ನ ಪದ್ಧತಿ. ಅಣ್ಣನದ್ದು ಜೀನರ್ ಡಯೋಡ್, ಏರಿದ ಎಂಬತ್ತು ವೋಲ್ಟನ್ನ ಒಳಗೇ ನುಂಗಿಸೋದು. “ಹಾಲು ಉಕ್ಕಿದ ಮೇಲೆ ಸೌಟು ಹಿಡಿಯೋದಕ್ಕಿಂತ ಒಲೆ ಸಣ್ಣ ಮಾಡೋದು ವಾಸಿ ಕಣೋ,” ಅಂತ ರೇಗಿಸ್ತಿದ್ದೆ. ಕೊನೆಗೂ ಸೋತು, “ಆಯ್ತು ತಾಯಿ, ನಿಂದೇ ಹಾಕೋಣ. ನಾಳೆ ಮೂರಕ್ಕೆ ಬಂದು ನೀನೇ ತಂತಿ ಕೂರಿಸು,” ಅಂದಿದ್ದ.

ಮೂರಕ್ಕೆ ನಾನು ಬರಲಿಲ್ಲ. ಬೇಕಾದ ದಪ್ಪದ ತಂತಿ ಒಂದು ಅಂಗಡಿಯಲ್ಲಿ ಸಿಗಲಿಲ್ಲ, ಇನ್ನೊಂದಕ್ಕೆ ಹೋದೆ. ಬಂದಾಗ ಐದು. ಹತ್ತೊಂಬತ್ತು ದಿನದಿಂದ ನನ್ನನ್ನ ತಿಂತಿರೋದು ಅದೇ. ನಾನು ಮೂರಕ್ಕೆ ಬಂದಿದ್ರೆ ಮೀಟರ್ ನಮ್ಮಿಬ್ಬರ ಕೈ ಬಿಟ್ಟು ಹೋಗ್ತಿರಲಿಲ್ಲ. ಅಣ್ಣ ಉಳೀತಿದ್ದ.

ಎರಡೂವರೆಗೆ ಗೋಂದುಗೆ ಫೋನ್ ಮಾಡ್ದೆ. “ಗೋಂದಣ್ಣ, ಪೆಟ್ಟಿಗೆ ವಾಪಸ್ ಬಂದಿದೆ. ಉಗುರ ಸಾಯಂಕಾಲ ತಗೊಂಡು ಹೋಗ್ತಾನೆ. ಕೆಲಸ ಮುಗಿಸಿಕೊಡಿ.”

“ಬಂದೆ ತಂಗ್ಯಮ್ಮ,” ಅಂದ. ಒಂದು ಪ್ರಶ್ನೆ ಕೇಳಲಿಲ್ಲ.

ಪೆಟ್ಟಿಗೆಗೆ ಪ್ಲಗ್ ಹಾಕ್ದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಅಂತು. ಮುಳ್ಳು 560ಕ್ಕೆ ಏರಿ ನಿಂತಿತು. ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಎಲ್ಲರಿಗೂ ಕಾಣೋ ಹಾಗೆ ಬೆಂಚಿನ ಮೇಲೆ ಇಟ್ಟೆ. ತೊಟ್ಟಿ ತುಂಬಿತ್ತು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನನ್ನ ಉಪಾಯವೂ ಅಷ್ಟೇ. ನಾನು ‘ಸತ್ತಿದೆ’ ಅಂತೀನಿ. ಒಳಗಿನ ಸೋರುಕಿಂಡಿ ನೀಲಿ ಅಂತ ಗೊತ್ತಿರೋನು ಕೈ ಹಾಕೋದಿಲ್ಲ, ಏನೋ ನೆಪ ತೆಗೀತಾನೆ. ಗೊತ್ತಿಲ್ಲದೋನು ಹಾಕ್ತಾನೆ. ಹಾಕೋಕೆ ಹೋದ್ರೆ ಕೈ ಹಿಡಿದು ನಿಲ್ಲಿಸ್ತೀನಿ.

ನಿಲ್ಲಿಸ್ತೀನಿ ಅಂತ ನನಗೆ ನಾನೇ ನಾಲ್ಕು ಸಲ ಹೇಳಿಕೊಂಡೆ. ಒಂದು ಸಲ ಹೇಳಿದ್ರೆ ಸಾಕಾಗೋ ಮಾತನ್ನ ನಾಲ್ಕು ಸಲ ಯಾಕೆ ಹೇಳ್ಕೊಂಡೆ ಅನ್ನೋದು ಆಮೇಲೆ ಗೊತ್ತಾಯ್ತು.

ಗೋಂದು ಏದುಸಿರು ಬಿಡ್ತಾ ಬಂದ. ಬಂದವನೇ ತನ್ನ ಕುರ್ಚಿ ಹುಡುಕಿ ಕೂತ.

“ಏನಮ್ಮ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ಊಟ ಆಯ್ತಾ?”

“ಆಯ್ತು.” ಆಗಿರಲಿಲ್ಲ. “ಡಯೋಡೇ ಹಾಕಿಬಿಡೋಣ ಗೋಂದಣ್ಣ. ನನ್ನ ಟ್ರಾನ್ಸ್‌ಫಾರ್ಮರ್ ಹಾಕೋಕೆ ಈಗ ಮನಸ್ಸಿಲ್ಲ.”

“ಅವನಿದ್ದಿದ್ರೆ ಕುಣೀತಿದ್ದ, ಗೆದ್ದೆ ಅಂತ.” ಗೋಂದು ನಕ್ಕ. ಆಮೇಲೆ ನಗು ನಿಂತುಹೋಯ್ತು. “ಅವತ್ತು ಜಗಳ ಆಡಬಾರದಿತ್ತು ಕಣಮ್ಮ. ಅವನು ಹೇಳಿದ್ದೇ ಸರಿ ಇತ್ತು.”

ಆಹಾ, ನಾಟಕ ನೋಡು, ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಿದೆ.

ಡಯೋಡ್ ಕೂರಬೇಕಾದ ಜಾಗ ಕಂಡೆನ್ಸರಿನ ಹಿಂದೆ. ಅಲ್ಲಿಗೆ ಕೈ ಹೋಗಬೇಕಾದ್ರೆ ಮುಂಗೈ ಕಂಡೆನ್ಸರಿನ ಕಾಲುಗಳನ್ನ ಸವರಿಕೊಂಡೇ ಹೋಗಬೇಕು. ಬೇರೆ ದಾರಿ ಇಲ್ಲ.

“ಮೊದಲು ಅಳೆ,” ಅಂದ ಗೋಂದು.

“ನಾನು ಅಳೀತೀನಿ. ನೀವು ಬರೀರಿ.”

ಮೀಟರನ್ನ ನನ್ನ ಕಡೆಗೆ ತಿರುಗಿಸಿ ಹಿಡಿದೆ. ಎರಡು ಕಡ್ಡಿ ಇಟ್ಟೆ. ಮುಳ್ಳು ಚಂಗ್ ಅಂತ ಎದ್ದು ಐನೂರ ಹತ್ತರ ಮೇಲೆ ನಿಂತಿತು.

“ಸತ್ತಿದೆ,” ಅಂದೆ.

ಗೋಂದು ಪೆನ್ಸಿಲ್ ಎತ್ತಿದ. ಅಣ್ಣನ ಅಕ್ಷರದ ಕೆಳಗೆ ಬರೆದ. ಬರೆದು ನನ್ನ ಮುಖ ನೋಡ್ದ. ಒಂದು ಉಸಿರು, ಎರಡು ಉಸಿರು. ಬಂತು, ಈಗ ಹೆಗಲು ಮುಟ್ಕೋತಾನೆ ಅಂತ ಕಾದೆ.

ಅವನು ಗಡಿಯಾರ ಬಿಚ್ಚಿದ. ಉಂಗುರ ತೆಗೆದು ಜೇಬಿಗೆ ಹಾಕ್ಕೊಂಡ. ಅಂಗಿ ತೋಳು ಮಡಿಸಿ, ಎದ್ದು, ಬೆಂಚಿನ ಮೇಲೆ ಬಗ್ಗಿ, ಕೈ ಒಳಗೆ ಇಳಿಸಿದ. ಬೆಣ್ಣೆ ಡಬ್ಬಿಗೆ ಕೈ ಹಾಕಿದಷ್ಟು ಸಲೀಸಾಗಿ.

ಗೊತ್ತಿಲ್ಲ ಇವನಿಗೆ! ಇವನಲ್ಲ!

ತಲೆಗೆ ಇದು ಹೊಳೀತು. ಕೈಗೆ ತಲುಪಲಿಲ್ಲ. ಹಿಡೀತೀನಿ ಅಂತ ನಾಲ್ಕು ಸಲ ಹೇಳಿಕೊಂಡ ಕೈ ಮೀಟರ್ ಹಿಡ್ಕೊಂಡು ಹಾಗೇ ನಿಂತಿತ್ತು. ಯಾರಾದ್ರೂ ಒಬ್ಬರು ಸಾಯ್ಲಿ ಅಂತ ನನ್ನೊಳಗೆ ಯಾವಳೋ ಕಾಯ್ತಾ ಕೂತಿದ್ಲು. ಥೂ ನನ್ನ ಜನ್ಮಕ್ಕೆ. ಆ ಯಾವಳೋ ನಾನೇ.

“ಗೋಂದೂ! ಕೈ ತೆಗಿ! ಅದು ಸತ್ತಿಲ್ಲ!”

ಕೂಗಿದ್ದು ನಾನಲ್ಲ. ಅವನು ಬೆಚ್ಚಿ ಹಿಂದಕ್ಕೆ ಹಾರಿದ. ಕುರ್ಚಿ ಉರುಳಿತು. ಅದರ ಮೇಲೆ ಅವನೂ ಉರುಳಿದ.

ಒಳಮೆಟ್ಟಿಲ ಬಾಗಿಲಲ್ಲಿ ಅತ್ತಿಗೆ ನಿಂತಿದ್ರು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಬಾಯಿಗೆ ಅಡ್ಡ. ಹೊರಬಿದ್ದ ಮಾತನ್ನ ವಾಪಸ್ ತುರುಕೋ ಹಾಗೆ.

ನನ್ನ ಅತ್ತಿಗೆ ಬಗ್ಗೆ ಹೇಳಬೇಕು. ಅಮ್ಮ ಹೋದಾಗ ನನಗೆ ಹನ್ನೊಂದು. ಜ್ವರ ಬಂದ್ರೆ ರಾತ್ರಿಯೆಲ್ಲ ಕೂತವರು ಅವರು, ನನ್ನ ಜಡೆ ಹೆಣೆದವರು ಅವರು. ವರ್ಕ್‌ಶಾಪಿನ ಬಿಡಿಭಾಗಗಳ ಡಬ್ಬಿಗಳೆಲ್ಲ ಅವರ ಸುಪರ್ದಿ. ಯಾವ ಬಣ್ಣದ ರೆಸಿಸ್ಟರ್ ಎಷ್ಟಿದೆ ಅಂತ ಕಣ್ಣು ಮುಚ್ಚಿ ಹೇಳ್ತಾರೆ. ಅನುಮಾನದ ಪಟ್ಟಿಯಲ್ಲಿ ಅವರನ್ನ ನಾನು ಒಂದು ಕ್ಷಣಕ್ಕೂ ಸೇರಿಸಿರಲಿಲ್ಲ.

“ಅತ್ತಿಗೆ,” ಅಂದೆ. “ಸತ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತು?”

“ಆಗಲೇ ಗುಂಯ್ ಅಂತಲ್ಲ. ಮೇಲೆ ಕೇಳಿಸ್ತು.”

“ಅದು ಕೇಳಿಸಿ ಅರ್ಧ ಗಂಟೆ ಆಯ್ತು. ಅಣ್ಣನ ಪೆಟ್ಟಿಗೆ ಐದು ನಿಮಿಷಕ್ಕೆ ಸಾಯುತ್ತೆ, ನಮ್ಮ ಮನೆ ಬೆಕ್ಕಿಗೂ ಗೊತ್ತು. ಮೀಟರ್ ನಿಮಗೆ ಕಾಣ್ತಿರಲಿಲ್ಲ. ಇದು ಸತ್ತಿರಲ್ಲ ಅಂತ ಹೇಗೆ ಗೊತ್ತಾಯ್ತು?”

ನೆಲದ ಮೇಲಿದ್ದ ಗೋಂದು ನನ್ನ ನೋಡ್ದ, ಪೆಟ್ಟಿಗೆ ನೋಡ್ದ, ತನ್ನ ಕೈ ನೋಡ್ಕೊಂಡ.

“ತಂಗ್ಯಮ್ಮ, ನೀನು... ನನಗೆ ಸತ್ತಿದೆ ಅಂದ್ಯಲ್ಲ.”

ನಾನು ಅವನ ಕಡೆ ತಿರುಗಲಿಲ್ಲ. ಅತ್ತಿಗೆಯ ಎದುರು ಹೋಗಿ ನಿಂತೆ.

“ಅವತ್ತು ಮೀಟರ್ ಹಿಡಿದದ್ದು ನೀವು.”

“ಹೂಂ.”

“ಸತ್ತಿದೆ ಅಂದದ್ದು ನೀವು.”

“ನಾನೇ ಅಂದೆ.” ಅತ್ತಿಗೆಯ ಕಣ್ಣಲ್ಲಿ ನೀರಿರಲಿಲ್ಲ. “ಹತ್ತೊಂಬತ್ತು ದಿನ ಆಯ್ತು, ಯಾರಾದ್ರೂ ಕೇಳ್ತಾರೇನೋ ಅಂತ ಕಾದೆ. ಕೇಳಿದೋಳು ನೀನೊಬ್ಬಳೇ.”

ಕೈ ಎತ್ತಿದ್ದೆ. ನನ್ನ ಜಡೆ ಹೆಣೆದವರ ಮುಖಕ್ಕೆ ಹೊಡೆಯೋಕೆ ನಿಜವಾಗ್ಲೂ ಎತ್ತಿದ್ದೆ. ಅವರು ತಪ್ಪಿಸಿಕೊಳ್ಳಲಿಲ್ಲ.

“ಹೊಡಿ. ಹೊಡೆಯೋ ಮೊದಲು ಆ ಬೆಸುಗೆ ನೋಡು.”

“ಯಾವ ಬೆಸುಗೆ?”

“ನೀಲಿ ಪಟ್ಟಿದು. ಬಣ್ಣ ನೋಡಿದ್ದೀಯಲ್ಲ, ಬೆಸುಗೆ ನೋಡಿದ್ದೀಯಾ?”

ಕೋಲು ತಗೊಂಡು ಪೆಟ್ಟಿಗೆಯ ಚಾರ್ಜ್ ಇ​ಳಿಸ್ದೆ. ಮುಳ್ಳು ಸೊನ್ನೆಗೆ ಬರೋವರೆಗೆ ಮೂವರೂ ಉಸಿರು ಹಿಡ್ಕೊಂಡಿದ್ವಿ. ಈ ಸಲ ‘ಸತ್ತಿದೆ’ ಅಂತ ಯಾರೂ ಹೇಳಲಿಲ್ಲ. ಭೂತಗನ್ನಡಿ ತಗೊಂಡು, ಟಾರ್ಚ್ ಹಿಡಿದು ಬಗ್ಗಿದೆ.

ರೆಸಿಸ್ಟರಿನ ಕಾಲು ಹಿತ್ತಾಳೆ ಮೊಳೆಗೆ ಒಂದೂವರೆ ಸುತ್ತು ಬಂದಿತ್ತು. ಒಂದಲ್ಲ, ಎರಡಲ್ಲ, ಒಂದೂವರೆ. ತುದಿಯನ್ನ ಕತ್ತರಿಸದೆ ಹಿಂದಕ್ಕೆ ಮಡಚಿ ಒತ್ತಿತ್ತು. ಬೆಸುಗೆ ಕಡಲೆಬೇಳೆಯಷ್ಟು, ಮೇಲೆ ಹೊಳಪು, ಅಂಚು ತೆಳುವು.

ಅದು ಅಣ್ಣನ ಕೈ. ಲೋಕದಲ್ಲಿ ಇನ್ಯಾರೂ ಹಾಗೆ ಸುತ್ತೋದಿಲ್ಲ. ಗೋಂದು ಎರಡು ಸುತ್ತು ಸುತ್ತಿ ಬೆಸುಗೆ ಸುರೀತಾನೆ, ನಾನು ತುದಿ ಕತ್ತರಿಸ್ತೀನಿ, ಅತ್ತಿಗೆ ಬೆಸುಗೆ ಕಡ್ಡಿ ಮುಟ್ಟಿದವರೇ ಅಲ್ಲ. ಮಧ್ಯಾಹ್ನದಿಂದ ನಾನು ಆ ಜಾಗವನ್ನ ಹತ್ತು ಸಲ ನೋಡಿದ್ದೆ. ಬೇರೆ ಯಾರದಾದ್ರೂ ಕೈ ಆಗಿದ್ರೆ ಮೊದಲ ನೋಟಕ್ಕೇ ಚುಚ್ಚುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಬೆಸುಗೆ, ಅದಕ್ಕೇ ಕಾಣಲಿಲ್ಲ.

“ಅಣ್ಣ ಯಾಕೆ ನೀಲಿ ಹಾಕ್ತಾನೆ?” ಅಂದೆ. ಕೇಳಿದ್ದು ಯಾರನ್ನ ಅಂತ ನನಗೇ ಗೊತ್ತಿರಲಿಲ್ಲ.

“ಅವತ್ತು ಮೂರು ಗಂಟೆಗೆ,” ಅಂದರು ಅತ್ತಿಗೆ, “ಇದರೊಳಗೆ ಕೈ ಹಾಕೋಕೆ ಬರಬೇಕಾಗಿದ್ದೋಳು ಯಾರು? ಎದುರಿಗೆ ಮೀಟರ್ ಹಿಡಿದು ಕೂರಬೇಕಾಗಿದ್ದೋರು ಯಾರು?”

ನೀನೇ ಬಂದು ತಂತಿ ಕೂರಿಸು ಅಂದಿದ್ದ ಅಣ್ಣ. ನಾನು ಗೆದ್ದೆ ಅಂತ ಅವತ್ತು ರಾತ್ರಿ ನಗ್ತಾ ಮಲಗಿದ್ದೆ.

“ಸುಳ್ಳು,” ಅಂದೆ.

“ಡಬ್ಬಿಯಲ್ಲಿ ಎರಡು ನೀಲಿ ಕಮ್ಮಿ ಇತ್ತು. ಮೂರೂಕಾಲಿಗೆ ಇಳಿದು ಬಂದು ಕೇಳ್ದೆ, ಎಲ್ಲಿ ಹಾಕಿದ್ರಿ ಅಂತ. ಪೆಟ್ಟಿಗೆ ಕಡೆ ನೋಡಿದ್ರು. ಯಾಕೆ ಅಂತ ಕೇಳ್ದೆ. ಸುಳ್ಳು ಹೇಳ್ಲಿಲ್ಲ ನಿಮ್ಮಣ್ಣ, ಹೇಳಿದ್ರು. ಎಲ್ಲ ಹೇಳಿದ್ರು.” ಅತ್ತಿಗೆ ಗೋಡೆಗೆ ಒರಗಿದ್ರು. “ಹೇಳಿ ಮುಗಿಸಿ, ಆಯ್ತು ಬಿಡು, ತೆಗೆದುಬಿಡ್ತೀನಿ ಅಂದ್ರು. ಚಾರ್ಜ್ ಇಳಿಸಿ ಅಳೆ ಅಂತ ಕೋಲು ನನ್ನ ಕೈಗೆ ಕೊಟ್ರು, ಬರೆಯೋಕೆ ಆ ಕಡೆ ತಿರುಗಿದ್ರು. ನಾನು ಕೋಲು ಮುಟ್ಟಿಸಲೇ ಇಲ್ಲ.”

“ತೆಗೀತೀನಿ ಅಂದ ಮೇಲೂ?”

“ಆ ಕಾರಣ ಕೇಳಿದ ಮೇಲೆ ಕಣೇ. ಅದನ್ನ ಕೇಳಿದ ಮೇಲೇ ನಾನು ಸತ್ತಿದೆ ಅಂದದ್ದು.”

ಗೋಂದು ನೆಲದ ಮೇಲೆ ಕೂತಲ್ಲೇ ಮುಖ ಮುಚ್ಕೊಂಡ. ನನ್ನ ಕಿವಿಯಲ್ಲಿ ಏನೋ ಗುಂಯ್ ಅಂತಿತ್ತು. ಹತ್ತೊಂಬತ್ತು ದಿನ ನಾನು ಯಾರಿಗಾಗಿ ಹಲ್ಲು ಕಡಿದೆನೋ ಅವನು ನನ್ನನ್ನ ಕೊಲ್ಲೋಕೆ ಕೂತಿದ್ದ. ಯಾರ ಬಾಯಿಗೆ ಮಣ್ಣು ಹಾಕಬೇಕು ಅಂತಿದ್ದೆನೋ ಅವರು ನನ್ನ ಜ್ವರಕ್ಕೆ ರಾತ್ರಿಯೆಲ್ಲ ಕೂತವರು.

“ಏನಂದ? ಯಾಕಂತೆ? ನಾನೇನು ಮಾಡಿದ್ದೆ ಅವನಿಗೆ?”

ಅತ್ತಿಗೆ ಬಾಯಿ ತೆಗೆದ್ರು. ಅಷ್ಟರಲ್ಲಿ ಬೀದಿ ಬಾಗಿಲ ಹತ್ತಿರ ಸೀನು. ಒಂದರ ಮೇಲೊಂದು ಮೂರು ಸೀನು.

“ಮಾತಾಡ್ತಿದ್ದೀರಾ? ಮುಂದುವರಿಸಿ, ಮುಂದುವರಿಸಿ.” ಇನ್ಸ್‌ಪೆಕ್ಟರ್ ಒಳಗೆ ಬಂದು ಕರವಸ್ತ್ರ ಜೇಬಿಗೆ ತುರುಕಿ ಸುತ್ತಲೂ ನೋಡಿದ್ರು. ಬಿದ್ದ ಕುರ್ಚಿ ನೋಡಿದ್ರು, ಬಿದ್ದ ಗೋಂದುವನ್ನ ನೋಡಿದ್ರು. “ನಾಲ್ಕಕ್ಕೆ ಇನ್ನೂ ಮೂರು ನಿಮಿಷ ಇದೆ, ಪರವಾಗಿಲ್ಲ. ಎಲ್ಲಮ್ಮಾ ಕೊಂದೋರು? ನಿಲ್ಲಿಸ್ತೀನಿ ಅಂದಿದ್ರಿ.”

ಗೋಂದು ಎದ್ದು, ಬಿದ್ದ ಕುರ್ಚಿಯನ್ನ ನೆಟ್ಟಗೆ ನಿಲ್ಲಿಸಿದ.

“ಹಾಗಾದ್ರೆ...” ಕಾಗದ ತೆಗೆದು ಬೆಂಚಿನ ಮೇಲೆ ಹರಡಿದ್ರು. ಅತ್ತಿಗೆಯ ಸಹಿ ಆಗಲೇ ಇತ್ತು. ಅದರ ಪಕ್ಕದಲ್ಲಿ ನನ್ನ ಜಾಗ ಖಾಲಿ. “ಇಲ್ಲಿ. ಅಜಾಗರೂಕತೆ ಅನ್ನೋ ಪದ ಬೇಜಾರಾದ್ರೆ ತೆಗೆಸ್ತೀನಿ, ಆಕಸ್ಮಿಕ ಅಂತಷ್ಟೇ ಇರ್ಲಿ.”

ಒಂದು ಮಾತು ಸಾಕಿತ್ತು. ಬೆರಳು ಎತ್ತಿ ತೋರಿಸಿದ್ರೆ ಸಾಕಿತ್ತು. ಹತ್ತೊಂಬತ್ತು ದಿನ ಕಾದದ್ದು ಈ ಗಳಿಗೆಗೇ.

ಅತ್ತಿಗೆ ನಡೆದು ಬಂದು ನನ್ನ ಪಕ್ಕ ನಿಂತ್ರು. ಬೆನ್ನ ಮೇಲೆ ಕೈ ಇಟ್ರು, ಸಣ್ಣವಳಿದ್ದಾಗ ಇಡ್ತಿದ್ದ ಹಾಗೆ. ಇನ್ಸ್‌ಪೆಕ್ಟರಿಗೆ ಅದು ಸಮಾಧಾನ ಮಾಡಿದ ಹಾಗೆ ಕಂಡಿರಬೇಕು.

“ನನ್ನ ಹೆಸರು ಹೇಳ್ತೀಯಾ, ಹೇಳು,” ಅಂದರು ನನ್ನ ಕಿವಿಯಲ್ಲಿ. “ಹೋಗ್ತೀನಿ. ಆದರೆ ನಿಮ್ಮಣ್ಣ ಹೇಳಿದ್ದು ನನ್ನ ಜೊತೆಗೇ ಒಳಗೆ ಹೋಗುತ್ತೆ, ಸಾಯೋವರೆಗೂ ಬಾಯಿ ಬಿಡಲ್ಲ. ಸಹಿ ಹಾಕು, ಇವತ್ತೇ ಹೇಳ್ತೀನಿ.”

ಇನ್ಸ್‌ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು ಚಾಚಿದ್ರು. ನನ್ನ ಕೈ ಏಳಲಿಲ್ಲ. ಅತ್ತಿಗೆಯೇ ಅದನ್ನ ಇಸ್ಕೊಂಡು, ಮುಚ್ಚಳ ತೆಗೆದು, ನನ್ನ ಬೆರಳುಗಳ ನಡುವೆ ಇಟ್ರು.